ಅಪ್ಪನಿಗೆ ಹಾಕದ ಎಲೆ

ಅಂದರ್ ಬಾಹರ್‌ನಷ್ಟು ಸರಳವಾದ ಇಸ್ಪೀಟ್ ಆಟ ಇನ್ನೊಂದಿಲ್ಲ. ಕಟ್ಟಿನಿಂದ ಒಂದು ಎಲೆ ತೆಗೆದು ನಡುವೆ ಬಿಚ್ಚಿಡುತ್ತಾರೆ. ಅದು ಏಳು ಎಂದಿಟ್ಟುಕೊಳ್ಳಿ. ಆಮೇಲೆ ಈ ಮಗ್ಗುಲಿಗೊಂದು, ಆ ಮಗ್ಗುಲಿಗೊಂದು ಎಲೆ ಬೀಳುತ್ತಾ ಹೋಗುತ್ತದೆ. ಇನ್ನೊಂದು ಏಳು ಯಾವ ಕಡೆ ಬಿತ್ತೋ ಆ ಕಡೆ ಹಣ ಕಟ್ಟಿದವರು ಗೆದ್ದರು. ಆಟ ಇಷ್ಟೇ. ಇದನ್ನು ಹಾವೇರಿ ಜಿಲ್ಲೆಯ ಹೊಲದ ಶೆಡ್ಡಿನಲ್ಲಿ ಕಂಬಳಿ ಹಾಸಿಕೊಂಡು ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಬೀಳುತ್ತದೆ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ಲಂಗರು ಹಾಕಿದ ಹಡಗಿನಲ್ಲಿ ಹಸಿರು ಬಟ್ಟೆಯ ಮೇಜಿನ ಮೇಲೆ ಆಡಿದರೆ ಅದು ಸರ್ಕಾರದ ಪರವಾನಗಿ ಪಡೆದ ವ್ಯವಹಾರ. ನಮ್ಮಪ್ಪ ಶೆಡ್ಡಿನಲ್ಲಿ ಸಿಕ್ಕಿಬಿದ್ದವನು. ಹಡಗಿನ ಮೇಜಿನಲ್ಲಿ ಎಲೆ ಹಾಕಿದವಳು ನಾನು.

ಗೋವಾದಲ್ಲೂ ಇದು ಒಂದೇ ದಿನಕ್ಕೆ ಆದದ್ದಲ್ಲ. ಅಲ್ಲಿನ 1976ರ ಸಾರ್ವಜನಿಕ ಜೂಜು ಕಾಯ್ದೆ ಜೂಜನ್ನು ಅಪರಾಧವೆಂದೇ ಬಗೆದಿತ್ತು. 1992ರಲ್ಲಿ ಅದನ್ನು ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರ ಇಡಲು ಬಿಟ್ಟರು. 1996ರಲ್ಲಿ ಮತ್ತೆ ತಿದ್ದಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅವಕಾಶ ಕೊಟ್ಟರು. ಎಲೆಯ ಆಟಗಳು ನದಿಗೆ ಇಳಿದದ್ದು ಹೀಗೆ. ಆ ನದಿಯೂ ನಮಗೆ ಹೊರಗಿನದಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಪಣಜಿಗೆ ಬರುವಾಗ ಮಾಂಡವಿ. ಅದರ ನೀರು ಮಲಪ್ರಭೆಗೆ ಬರಲಿ ಎಂದು ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೆಟ್ಟಿಯಿಂದ ಹಡಗಿಗೆ ಒಯ್ಯುವ ಸಣ್ಣ ದೋಣಿಯಲ್ಲಿ ಕೂತಾಗಲೆಲ್ಲ ಇದು ನೆನಪಾಗುತ್ತಿತ್ತು. ನಮ್ಮ ಕಡೆಯ ಜನ ಆ ನೀರಿಗಾಗಿ ಬಿಸಿಲಲ್ಲಿ ಕೂತಿದ್ದರೆ, ನಮ್ಮ ಕಡೆಯದೇ ಬೇರೆ ಜನ ಅದೇ ನೀರಿನ ಮೇಲೆ ದುಡ್ಡು ಕಳೆಯಲು ದೋಣಿ ಹತ್ತುತ್ತಿದ್ದರು. ವಾರಾಂತ್ಯದಲ್ಲಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಗಾಡಿಗಳು ಬಂದು ನಿಂತವೆಂದರೆ ನನ್ನ ಮೇಜಿನ ಸುತ್ತ ಕನ್ನಡವೇ ಕನ್ನಡ.

ಅಪ್ಪ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಕೆಂಪಾಗುತ್ತದೆ. ಗಾಳಿಯಲ್ಲಿ ಘಾಟು, ರಸ್ತೆ ತುಂಬ ಚೀಲ ಹೇರಿದ ಟ್ರ್ಯಾಕ್ಟರು, ಎಲ್ಲರ ಕೈಯಲ್ಲೂ ಒಂದಿಷ್ಟು ರೊಕ್ಕ. ಆ ದಿನಗಳಲ್ಲೇ ಅಪ್ಪ ಮೊದಲು ರಮ್ಮಿ ಕ್ಲಬ್ಬಿಗೆ ಹೋದದ್ದು. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದ್ದು ಅವನಿಗೆ ಗೊತ್ತಿತ್ತು. ಅವ್ವ ಬಾಯಿ ಮಾಡಿದಾಗಲೆಲ್ಲ ‘ಕೋರ್ಟೇ ಒಪ್ಪೇತಿ, ನಿಂದೇನು’ ಅನ್ನುತ್ತಿದ್ದ. ಕ್ಲಬ್ಬಿನಿಂದ ಶೆಡ್ಡು, ರಮ್ಮಿಯಿಂದ ಅಂದರ್ ಬಾಹರ್. ರಮ್ಮಿಯಲ್ಲಿ ಒಂದು ಆಟ ಮುಗಿಯಲು ಹೊತ್ತು ಹಿಡಿಯುತ್ತದೆ, ತಲೆ ಓಡಿಸಬೇಕಾಗುತ್ತದೆ. ಅಂದರ್ ಬಾಹರ್‌ನಲ್ಲಿ ಒಂದು ನಿಮಿಷಕ್ಕೆ ಹಣೆಬರಹ ತೀರ್ಮಾನವಾಗುತ್ತದೆ. ಆ ಚುರುಕಿಗೇ ಅವನು ಬಿದ್ದ. ಅಜ್ಜನ ಕಾಲದ ಹೊಲ ಹೋಯಿತು. ಅವ್ವನ ಬೋರಮಾಳ ಮೊದಲು ಅಡ ಬಿತ್ತು, ಆಮೇಲೆ ಮುಳುಗಿತು.

ಒಂದು ದೀಪಾವಳಿ ಅಮಾವಾಸ್ಯೆ ರಾತ್ರಿ ಪೊಲೀಸರು ಶೆಡ್ಡಿಗೆ ನುಗ್ಗಿದರು. ದೀಪಾವಳಿಗೆ ಎಲೆ ಹಿಡಿಯುವುದು ನಮ್ಮ ಕಡೆ ಶಾಸ್ತ್ರವೆಂಬಂತೆ ನಡೆದುಬಂದಿದೆ, ಪೊಲೀಸರ ದಾಳಿಯೂ ಹಾಗೆಯೇ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಜಪ್ತಿಯಾದ ಹಣ, ಇಸ್ಪೀಟ್ ಎಲೆ, ಬೈಕು, ಅವುಗಳ ಕೆಳಗೆ ಹೆಸರುಗಳ ಸಾಲು, ಸಾಲಿನಲ್ಲಿ ಅಪ್ಪ. ಅಷ್ಟರಲ್ಲಿ ನಾವು ಅವನ ಮನೆ ಬಿಟ್ಟಾಗಿತ್ತು. ಅವ್ವ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಹುಬ್ಬಳ್ಳಿಗೆ ತವರಿಗೆ ಬಂದು, ರೊಟ್ಟಿ ಬಡಿದು ಮಾರಿ ಸಂಸಾರ ಹೂಡಿದ್ದಳು. ಖಡಕ್ ರೊಟ್ಟಿ ಕಟ್ಟಿಕೊಡಲು ಓಣಿಯವರಿಂದ ಹಳೆಯ ಪತ್ರಿಕೆ ಕೇಳಿ ತರುತ್ತಿದ್ದಳು. ಆ ಹಾಳೆ ಕೈಗೆ ಸಿಕ್ಕಾಗ ಓದಿದಳು. ಅದರಲ್ಲಿ ರೊಟ್ಟಿ ಕಟ್ಟಲಿಲ್ಲ. ನಾಲ್ಕಾಗಿ ಮಡಚಿ ಟ್ರಂಕಿನ ತಳದಲ್ಲಿ, ರೇಶನ್ ಕಾರ್ಡಿನ ಕೆಳಗೆ ಇಟ್ಟಳು. ಇವತ್ತಿಗೂ ಅಲ್ಲೇ ಇದೆ.

ಇಂಥ ಮನೆಯ ಹುಡುಗಿ ಕ್ಯಾಸಿನೊಗೆ ಹೇಗೆ ಸೇರಿದಳು ಎಂದು ಕೇಳದವರಿಲ್ಲ. ಉತ್ತರದಲ್ಲಿ ಗುಟ್ಟೇನೂ ಇಲ್ಲ. ಡಿಗ್ರಿ ಮುಗಿಸಿ ಹುಬ್ಬಳ್ಳಿಯ ಅಂಗಡಿಯಲ್ಲಿ ಬಿಲ್ ಬರೆಯುವಾಗ ಸಿಗುತ್ತಿದ್ದ ಪಗಾರಕ್ಕಿಂತ ಅಲ್ಲಿ ಸಿಗುವುದು ಎಷ್ಟೋ ಹೆಚ್ಚಿತ್ತು. ತಮ್ಮನ ಓದು ಬಾಕಿ ಇತ್ತು, ಅವ್ವನ ಮೊಣಕಾಲು ಹೋಗಿತ್ತು. ಮೊದಲ ಸಲ ಹೇಳಿದಾಗ ಅವ್ವ ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ನನ್ನನ್ನು ನೋಡಿದಳು. ‘ನಿಮ್ಮಪ್ಪ ಕಳಕೊಂಡಂಥಾ ಜಾಗದಾಗನ ಕುಂತು ಪಗಾರ ಎಣಿಸ್ತೀ ಏನ?’ ಅಂದಳು. ತಿಂಗಳುಗಟ್ಟಲೆ ನಾನು ಕಳಿಸಿದ ಹಣವನ್ನು ಮುಟ್ಟಲಿಲ್ಲ. ಅಪ್ಪನಿಗೆ ಸೋದರಮಾವನ ಮೂಲಕ ಸುದ್ದಿ ಹೋಯಿತು. ‘ಎಲಿ ಮುಟ್ಟೋ ಹೆಣ್ಮಗಳು ನಮ್ಮ ಮನಿತನದಾಗ ಹುಟ್ಟಿಲ್ಲ’ ಎಂದು ಹೇಳಿಕಳಿಸಿದ. ಹೊಲವನ್ನು ಎಲೆಗೆ ಕಟ್ಟಿದವನು ಮನೆತನದ ಮಾತಾಡಿದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆವರೆಗೆ ಹಬ್ಬಕ್ಕೊಂದು ಫೋನಾದರೂ ಇತ್ತು. ಅದೂ ನಿಂತಿತು.

ತರಬೇತಿಯಲ್ಲಿ ಎಲೆಗಿಂತ ಮೊದಲು ಕೈಗೆ ಕೊಟ್ಟದ್ದು ಚಿಪ್ಸ್, ಅಂದರೆ ಹಣದ ಬದಲು ಬಳಸುವ ಬಿಲ್ಲೆಗಳು. ಇಪ್ಪತ್ತರ ಒಂದು ಕಟ್ಟು ಹಿಡಿದು, ಐದೈದಾಗಿ ಬಟ್ಟೆಯ ಮೇಲೆ ಒಡೆದು ಹರಡಿ, ಮತ್ತೆ ಒಂದುಗೂಡಿಸಬೇಕು. ದಿನವಿಡೀ ಅದೇ. ಬರಬರುತ್ತಾ ನೋಡದೆಯೇ ಬೆರಳಿಗೆ ಎಣಿಕೆ ಗೊತ್ತಾಗುತ್ತದೆ. ಆಟಗಾರ ಕೊಟ್ಟ ನೋಟುಗಳನ್ನು ಮೇಲಿನ ಕ್ಯಾಮೆರಾಗೆ ಒಂದೊಂದೂ ಕಾಣುವಂತೆ ಮೇಜಿನ ಮೇಲೆ ಬಿಚ್ಚಿ ಹರಡಬೇಕು, ಆಮೇಲೆ ಸೀಳಿನೊಳಗೆ ತಳ್ಳಬೇಕು. ಸಮವಸ್ತ್ರಕ್ಕೆ ಜೇಬಿಲ್ಲ. ಮೇಜು ಬಿಡುವಾಗ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ ತೋರಿಸಬೇಕು. ಕೈಯಲ್ಲಿ ಏನೂ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೂದಲು ಸರಿಮಾಡಿಕೊಳ್ಳಬೇಕಾದರೂ ಮೊದಲು ಅಂಗೈ ತೋರಿಸಬೇಕು. ರಜೆಗೆ ಊರಿಗೆ ಬಂದಾಗ ಊಟ ಮುಗಿಸಿ ಏಳುವ ಮುಂಚೆ ನನ್ನ ಕೈಗಳು ತಾವಾಗಿಯೇ ಹೀಗೆ ತಿರುಗಿದ್ದನ್ನು ಅವ್ವ ನೋಡಿದಳು. ಏನೂ ಅನ್ನಲಿಲ್ಲ.

ಲೆಕ್ಕ ಕಲಿಸಿದ್ದು ಆಮೇಲೆ. ಅಂದರ್ ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಮಗ್ಗುಲು ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತದೆ, ಇನ್ನೊಂದು 48.5 ಸಲ. ಹಾಗಾಗಿ ಕ್ಯಾಸಿನೊಗಳು ಸಾಮಾನ್ಯವಾಗಿ ಮೊದಲ ಮಗ್ಗುಲಿನ ಗೆಲುವಿಗೆ ನೂರಕ್ಕೆ ತೊಂಬತ್ತೇ ಕೊಡುತ್ತವೆ, ಎರಡನೆಯದಕ್ಕೆ ಪೂರ್ತಿ ನೂರು. ಒಂದರಲ್ಲಿ ನೂರು ರೂಪಾಯಿಗೆ ಸರಾಸರಿ 2.15, ಇನ್ನೊಂದರಲ್ಲಿ 3 ರೂಪಾಯಿ ಮನೆಯ ಪಾಲು. ಮನೆ ಅಂದರೆ ಕ್ಯಾಸಿನೊ, ಅಲ್ಲಿ ಹಾಗೇ ಕರೆಯುತ್ತಾರೆ. ರೂಲೆಟ್ ಚಕ್ರದಲ್ಲಿ 37 ಅಂಕಿಗಳು, ಸರಿಯಾದ ಅಂಕಿಗೆ ಸಿಗುವುದು ಒಂದಕ್ಕೆ 35. ಅಲ್ಲಿ ನೂರಕ್ಕೆ 2.70. ಎರಡು ಮೂರು ರೂಪಾಯಿ ಎಂದರೆ ಪುಡಿಗಾಸು ಅನ್ನಿಸಬಹುದು. ಆದರೆ ಅದು ದಿನಕ್ಕೊಮ್ಮೆ ಹೋಗುವುದಲ್ಲ, ಪ್ರತಿ ಆಟಕ್ಕೂ ಹೋಗುವುದು. ಗೆದ್ದವನು ಗೆದ್ದ ಹಣವನ್ನೇ ಮತ್ತೆ ಕಟ್ಟುತ್ತಾನೆ, ಅದರಲ್ಲೂ ಪಾಲು ಹೋಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಮೇಜಿನ ಸುತ್ತ ಇರುವವರ ಮುಖ ನೋಡಿದರೆ ಸಾಕು, ಮೂರು ರೂಪಾಯಿ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಕ್ಯಾಸಿನೊ ಮೋಸ ಮಾಡಬೇಕಾಗಿಯೇ ಇಲ್ಲ. ಆಟ ನಡೆಯುತ್ತಿದ್ದರೆ ಸಾಕು.

ಈ ಲೆಕ್ಕ ಕಲಿತ ರಾತ್ರಿ ನಾನು ನೆನೆದದ್ದು ಅಪ್ಪನನ್ನೇ. ಕ್ವಿಂಟಲಿಗೆ ದಲಾಲಿ ಎಷ್ಟು, ಹಮಾಲಿ ಎಷ್ಟು, ತೂಕದಲ್ಲಿ ಕಳೆಯುವುದೆಷ್ಟು ಎಂದು ಕಾಗದ ಪೆನ್ನಿಲ್ಲದೆ ಹೇಳುತ್ತಿದ್ದ ಮನುಷ್ಯ ಅವನು. ಆಡಿಸುವವನು ಪ್ರತಿ ಸುತ್ತಿಗೂ ತನ್ನ ಪಾಲು ಎತ್ತಿಕೊಳ್ಳುವಾಗ, ಕೂತ ಎಲ್ಲರೂ ಸೇರಿ ಸೋಲಲೇಬೇಕು ಎಂಬುದು ಅವನಿಗೆ ತಿಳಿಯದ ಮಾತೇ? ತಿಳಿದಿತ್ತು. ತಿಳಿದೂ ಕೂತಿದ್ದ. ಅಲ್ಲಿಯವರೆಗೆ ನಾನು ಅವನನ್ನು ದಡ್ಡನೆಂದೋ ದುರಾಸೆಯವನೆಂದೋ ತಿಳಿದಿದ್ದೆ. ಮೇಜಿನ ಈಚೆ ನಿಂತ ಮೇಲೆ ಕಂಡದ್ದೇ ಬೇರೆ. ಗೆದ್ದಾಗ ಎದ್ದು ಹೋಗುವವರು ಕಡಿಮೆ. ಅವರು ಬಂದಿರುವುದು ಹಣಕ್ಕಾಗಿಯೇ ಆಗಿದ್ದರೆ ಆಗಲೇ ಏಳಬೇಕಿತ್ತು. ಎಲೆ ತಿರುಗುವ ಮೊದಲಿನ ಆ ಅರೆಗಳಿಗೆ ಅವರಿಗೆ ಬೇಕು. ಏಳು ಬರಬೇಕಾದಲ್ಲಿ ಎಂಟು ಬಂದರೆ ‘ಒಂದೇ ಒಂದಕ್ಕ ತಪ್ಪಿತು’ ಎಂದು ಉತ್ಸಾಹದಿಂದ ಮುಂದಕ್ಕೆ ಬಾಗುತ್ತಾರೆ. ಎಂಟಾದರೂ ರಾಣಿಯಾದರೂ ಸೋಲು ಸೋಲೇ. ಕೂದಲೆಳೆಯಲ್ಲಿ ತಪ್ಪಿದಂತೆ ಕಾಣುವ ಸೋಲು ಮಿದುಳಿನಲ್ಲಿ ಗೆಲುವಿಗೆ ಮಿಡಿಯುವ ಭಾಗಗಳನ್ನೇ ಮಿಡಿಸುತ್ತದೆ, ಮತ್ತೆ ಆಡುವ ಆಸೆ ಹೆಚ್ಚಿಸುತ್ತದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ನಮ್ಮ ಮೇಜಿನ ಸುತ್ತ ದಿನವೂ ಕಾಣುವುದು ಅದೇ.

ಒಂದು ರಾತ್ರಿ ಬಂದ ಹಿರಿಯರೊಬ್ಬರ ನೆನಪು ಹೋಗುವುದಿಲ್ಲ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬೆರಳಲ್ಲಿ ದಪ್ಪ ಉಂಗುರ. ಪಕ್ಕದವರ ಜೊತೆ ನಾನು ಆಡಿದ ಒಂದು ಮಾತಿನಲ್ಲೇ ನನ್ನ ಸೀಮೆ ಹಿಡಿದರು. ‘ನಮ್ಮ ಕಡೀಯಾಕಿ ಏನವಾ? ಒಂದು ಚಲೋ ಎಲಿ ಹಾಕು ತಂಗಿ’ ಅಂದರು. ಎಲೆ ನನ್ನ ಕೈಯಲ್ಲಿದ್ದರೂ ಅದನ್ನು ಚಲೋ ಮಾಡುವುದು ನನ್ನ ಕೈಯಲ್ಲಿಲ್ಲ. ಅವರು ಸೋಲುತ್ತಲೇ ಹೋದರು. ಉಂಗುರ ತಿರುಗಿಸುತ್ತಾ ಯಲ್ಲವ್ವನನ್ನು ನೆನೆದರು. ಮಗಳಿಂದ ಫೋನ್ ಬಂತು, ‘ಮೀಟಿಂಗನಾಗ ಅದೀನಿ’ ಎಂದು ಇಟ್ಟರು. ನಾನು ಅವರಿಗೆ ನೀರು ತರಿಸಿದೆ, ಸ್ವಲ್ಪ ಹೊತ್ತು ಏಳ್ರಿ ಕಾಕಾ ಎಂದು ಮೆಲ್ಲಗೆ ಹೇಳಿದೆ. ಹಾಗೆ ಹೇಳುವುದು ಡೀಲರ್‌ಗೆ ಸಲ್ಲದು, ಆದರೂ ಹೇಳಿದೆ. ಎದ್ದು ಹೋಗುವಾಗ ಅವರು ಕೈಮುಗಿದರು, ನನ್ನ ಗಂಟಲು ಕಟ್ಟಿತು. ಆ ರಾತ್ರಿ ಯೋಚಿಸಿದೆ: ಬೇರೆಯವರ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಫೋನಿನ ಆ ತುದಿಯಲ್ಲಿದ್ದ ಮಗಳಿಗೆ ಸಿಟ್ಟಿರುತ್ತದೆ, ಇರಬೇಕು ಕೂಡ. ಅವಳ ಫೀಸು, ಅವಳ ಅವ್ವನ ಬಂಗಾರ, ಅವಳಿಗೆ ಹೇಳಿದ ಸುಳ್ಳು. ನನಗೆ ಅವರು ಬರೀ ಒಬ್ಬ ದಣಿದ ಮನುಷ್ಯ. ಡೀಲರ್‌ಗೆ ಸಾಧ್ಯವಾಗುವ ಕರುಣೆ ಮಗಳಿಗೆ ಸಾಧ್ಯವಾಗುವುದಿಲ್ಲ. ಮಗಳಿಗೆ ಅದು ತುಟ್ಟಿ ಬೀಳುತ್ತದೆ.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನದೇ ಒಂದು ಸೂಕ್ತವಿದೆ, 34ನೆಯದು. ಅದರಲ್ಲಿ ಅವನ ಹೆಂಡತಿ, ಅತ್ತೆ, ತಂದೆ ತಾಯಿ, ಅಣ್ಣ ತಮ್ಮಂದಿರು ಎಲ್ಲರೂ ಬಂದು ಹೋಗುತ್ತಾರೆ, ಎಲ್ಲರೂ ಅವನನ್ನು ದೂರ ಮಾಡುತ್ತಾರೆ. ನಮ್ಮ ದ್ಯೂತದ ಕಥೆಗಳಲ್ಲೂ ಧರ್ಮರಾಯ, ನಳ ಎಂದು ಕಳೆದುಕೊಂಡವರ ನೋವೇ ಮುಂದೆ ಇರುತ್ತದೆ. ದ್ರೌಪದಿ ಸಭೆಯಲ್ಲಿ ನಿಂತು ಕೇಳಿದ ಪ್ರಶ್ನೆಯನ್ನು ಯಾರೂ ಮರೆತಿಲ್ಲ. ಆದರೆ ಆ ಸಭೆಯ ಸುದ್ದಿ ಅವಳ ಮಕ್ಕಳಾದ ಉಪಪಾಂಡವರಿಗೆ ಹೇಗೆ ಮುಟ್ಟಿತು, ಅಪ್ಪಂದಿರು ಕಾಡಿಗೆ ಹೋದ ಆ ವರ್ಷಗಳಲ್ಲಿ ಆ ಮಕ್ಕಳು ಏನು ತಿಳಿದುಕೊಂಡು ಬೆಳೆದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ರಾಜ್ಯದವರು ಕ್ಯಾಸಿನೊಗಳಲ್ಲಿ ಆಡುವುದನ್ನು ತಡೆಯಿತು. ಗೋವಾದವರು ಅಲ್ಲಿ ದುಡಿಯಬಹುದು, ಆಡುವಂತಿಲ್ಲ. ತನ್ನ ಮನೆಯ ಮಕ್ಕಳಿಗೆ ಇದು ಬೇಡ ಎಂದು ಒಂದು ಸರ್ಕಾರಕ್ಕೆ ಅನ್ನಿಸಿದ್ದು ಸರಿಯಾದದ್ದೇ. ಹೊರಗಿನಿಂದ ಬರುವವರಿಗೆ ಇಪ್ಪತ್ತೊಂದು ತುಂಬಿದ್ದರೆ ಆಯಿತು. ಅವರ ಮನೆ ಬ್ಯಾಡಗಿಯಲ್ಲಿದ್ದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಭೇದ ನನ್ನನ್ನು ಈಗಲೂ ನೋಯಿಸುತ್ತದೆ.

ಮರು ತಿಂಗಳೇ ಕೊರೊನಾ ಬಂತು. ಮಾರ್ಚಿನಲ್ಲಿ ಮುಚ್ಚಿದ ಕ್ಯಾಸಿನೊಗಳು ತೆರೆದದ್ದು ನವೆಂಬರ್ 1ಕ್ಕೆ. ಅಷ್ಟು ದಿನ ನಾನು ಹುಬ್ಬಳ್ಳಿಯಲ್ಲಿ ಅವ್ವನ ಜೊತೆ ರೊಟ್ಟಿ ಬಡಿದೆ. ಆಗಲೇ ಅಪ್ಪ ಮತ್ತೆ ಫೋನ್ ಮಾಡತೊಡಗಿದ್ದು. ಅವನು ಅತ್ತೆಯ, ಅಂದರೆ ತನ್ನ ಅಕ್ಕನ ಮನೆಯಲ್ಲಿದ್ದ. ಶೆಡ್ಡುಗಳೆಲ್ಲ ಮುಚ್ಚಿದ್ದವು. ಮೊದಮೊದಲು ಮಾಸ್ಕು, ಔಷಧ, ಊರಲ್ಲಿ ಯಾರು ತೀರಿಕೊಂಡರು ಎಂಬ ಮಾತು. ಆಮೇಲೆ ಅವನ ಫೋನಿನಲ್ಲಿ ರಮ್ಮಿ ಬಂದು ಕೂತಿದೆ ಎಂದು ಅತ್ತೆಯಿಂದ ತಿಳಿಯಿತು. ಅತ್ತೆಯ ಗಂಡನ ಪಿಂಚಣಿಗೂ ಕೈ ಹಾಕಿದ್ದ. ಕರ್ನಾಟಕ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ತಂದದ್ದು 2025ರ ಆಗಸ್ಟಿನಲ್ಲಿ. ಶೆಡ್ಡಿಗಾದರೆ ನಡೆದು ಹೋಗಬೇಕಿತ್ತು, ಯಾರಾದರೂ ನೋಡುತ್ತಿದ್ದರು. ಫೋನು ದಿಂಬಿನ ಕೆಳಗೇ ಇತ್ತು.

ಹಡಗು ಮತ್ತೆ ತೆರೆದಾಗ ಅಪ್ಪ ಕೇಳಿದ: ‘ಒಮ್ಮಿ ಬರ್ಲೇನವಾ ಅಲ್ಲಿಗೆ? ನಿನ್ನ ಕೈಲೆ ಒಂದು ಎಲಿ ಹಾಕಸ್ಕೋತೀನಿ.’ ಎಲೆ ಮುಟ್ಟುವ ಹೆಣ್ಣುಮಗಳು ಮನೆತನದಲ್ಲಿ ಹುಟ್ಟಿಲ್ಲ ಎಂದಿದ್ದವನೇ ಈಗ ಇದನ್ನು ಪ್ರೀತಿಯಿಂದ ಕೇಳಿದ. ನನ್ನ ಜೊತೆ ಮಾತಾಡಲು ಅವನ ಹತ್ತಿರ ಇದ್ದ ಬಾಗಿಲು ಅದೊಂದೇ ಎಂದು ನನಗೆ ಅರ್ಥವಾಯಿತು. ಡೀಲರ್ ತನ್ನ ಸಂಬಂಧಿಕರಿಗೆ ಎಲೆ ಹಾಕುವಂತಿಲ್ಲ, ಬಂದರೆ ಕೂಡಲೇ ಮೇಲಿನವರಿಗೆ ಹೇಳಿ ಮೇಜು ಬದಲಿಸಿಕೊಳ್ಳಬೇಕು. ಆ ನಿಯಮ ಹೇಳಿದೆ. ‘ನಾ ನಿಮ್ಮಪ್ಪ ಅಂತ ಯಾರಿಗೂ ಹೇಳೂದಿಲ್ಲ’ ಅಂದ. ‘ನಿಯಮ ಇರ್ಲಿಕ್ಕಂದ್ರೂ ನಾ ನಿನಗ ಎಲಿ ಹಾಕೂದಿಲ್ಲಪಾ’ ಅಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ‘ಆತು’ ಎಂದು ಇಟ್ಟ.

ಸೋದರಮಾವ ಹಟ ಹಿಡಿದು ಅವನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದದ್ದು ಇದಾದ ಮೇಲೆ. ನಾನೂ ಹೋಗಿದ್ದೆ. ಜೂಜಿನ ಚಟ ಒಂದು ಕಾಯಿಲೆ ಎಂದು ನಮ್ಮಲ್ಲಿ ಹೇಳಿದರೆ ಇನ್ನೂ ಜನ ನಗುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಅದನ್ನು ಕುಡಿತ, ಮಾದಕವಸ್ತುಗಳ ಚಟದ ಸಾಲಿಗೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಅದಿದೆ. ಗುರುತಿಸಲು ಒಂಬತ್ತು ಲಕ್ಷಣಗಳನ್ನು ಹೇಳುತ್ತಾರೆ, ಒಂದು ವರ್ಷದ ಅವಧಿಯಲ್ಲಿ ನಾಲ್ಕಿದ್ದರೂ ಸಾಕು. ಡಾಕ್ಟರು ಮೆಲ್ಲಗೆ ಕೇಳುತ್ತಾ ಹೋದರು: ಕಳೆದದ್ದನ್ನು ವಾಪಸ್ ತರಲು ಮರುದಿನ ಮತ್ತೆ ಹೋಗುತ್ತಿದ್ದಿರಾ? ಬಿಡಬೇಕೆಂದು ಎಷ್ಟು ಸಲ ಅಂದುಕೊಂಡಿರಿ? ಬಿಟ್ಟಾಗ ಸಿಡುಕು ಬರುತ್ತಿತ್ತಾ? ಅಪ್ಪ ಒಂದೊಂದಕ್ಕೂ ತಲೆಯಾಡಿಸಿದ. ಸಾಲ ತೀರಿಸಲು ಯಾರನ್ನಾದರೂ ಕೇಳಿದ್ದೀರಾ ಎಂದಾಗ ಉತ್ತರ ಕೊಡದೆ ನನ್ನ ಮುಖ ನೋಡಿದ. ಅವನ ಅಂಗಿಯ ಕಾಲರು ಹರಿದಿತ್ತು, ಅತ್ತೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಳು.

ಕಾಯಿಲೆ ಎಂದು ತಿಳಿದ ಕೂಡಲೇ ಎಲ್ಲ ಕ್ಷಮಿಸಿಬಿಡಬಹುದು ಎಂದು ಹೇಳುವವರು ಬಹಳ. ನನಗೆ ಹಾಗಾಗಲಿಲ್ಲ. ಆಟದ ಮೇಲಿನ ಸಿಟ್ಟು ಇಳಿಯಿತು, ಅದು ನಿಜ. ಆದರೆ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅವನು ಇರಲಿಲ್ಲ. ತಮ್ಮನಿಗೆ ಡೆಂಗಿಯಾದಾಗ ಅವ್ವ ಒಬ್ಬಳೇ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಳು. ಆ ದಿನಗಳಿಗೆ ಕಾಯಿಲೆಯ ಹೆಸರು ಸಿಕ್ಕಿತೇ ಹೊರತು ಆ ದಿನಗಳು ಮರಳಿ ಬರಲಿಲ್ಲ. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡ ಮೇಲೆಯೇ ನನಗೆ ಅಪ್ಪನ ಜೊತೆ ಮಾತಾಡಲು ಆದದ್ದು. ಇಂಥ ಮನೆಗಳ ಮಕ್ಕಳಿಗೆ ನಾನು ಹೇಳುವುದಿದ್ದರೆ ಇದನ್ನೇ: ಚಿಕಿತ್ಸೆಗೆ ಕರೆದೊಯ್ಯಿರಿ, ಕ್ಷಮೆಗೆ ಅವಸರ ಮಾಡಬೇಡಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರಿಗೆ ಟೆಲಿಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸಹಾಯವಾಣಿ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ನಾನು ಮೇಜಿನಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಚಿಪ್ಸ್ ಒಡೆಯುವುದು, ಎಲೆ ಕಲಸುವುದು ಕಲಿಸುತ್ತೇನೆ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಎರಡನೆಯ ವಾರ ಲೆಕ್ಕದ ಪಾಠ ಬಂದಾಗ ಯಾರಾದರೂ ಒಬ್ಬರು ತಲೆ ತಗ್ಗಿಸಿ ಕೂರುತ್ತಾರೆ. ಅವರನ್ನು ಚಹಾದ ಹೊತ್ತಿಗೆ ಹತ್ತಿರ ಕರೆದು ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ.

ಅಪ್ಪನಿಗೆ ನಾನು ಕೈಗೆ ಹಣ ಕೊಡುವುದಿಲ್ಲ. ಔಷಧದ ಅಂಗಡಿಗೂ ಕಿರಾಣಿ ಅಂಗಡಿಗೂ ನೇರ ಕಳಿಸುತ್ತೇನೆ. ಹಳೆಯ ಸಾಲಗಳನ್ನು ನಾನು ತೀರಿಸಲಿಲ್ಲ, ತೀರಿಸಿದರೆ ಹೊಸ ಸಾಲಕ್ಕೆ ಜಾಗವಾಗುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಒಂದು ಸಲ ಜಾರಿದ, ಮತ್ತೆ ಧಾರವಾಡಕ್ಕೆ ಹೋಗಿ ಬಂದ. ಅತ್ತೆಯ ಓಣಿಯ ಒಂದು ಅಂಗಡಿಯಲ್ಲಿ ಮತ್ತೆ ಲೆಕ್ಕ ಬರೆಯುತ್ತಾನೆ, ನಗದು ಮುಟ್ಟದ ಕೆಲಸ. ಭಾನುವಾರ ಫೋನ್ ಮಾಡುತ್ತಾನೆ. ಮೆಣಸಿನಕಾಯಿ ರೇಟು ಹೇಳುತ್ತಾನೆ, ಮಳೆಯ ಸುದ್ದಿ ಹೇಳುತ್ತಾನೆ. ಎಲೆಯ ಮಾತು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಬರುವ ತಿಂಗಳು ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಇದೆ. ಹೋದ ವಾರ ಫೋನಿನಲ್ಲಿ ‘ನಾ ದವಾಖಾನಿಗೆ ಬರ್ಲೇನು?’ ಎಂದು ಕೇಳಿದ.

‘ನನ್ನ ಯಾಕ ಕೇಳ್ತಿ, ಅವ್ವನ್ನ ಕೇಳು’ ಅಂದು ಅವ್ವನ ನಂಬರು ಕೊಟ್ಟೆ. ಇಷ್ಟು ವರ್ಷ ಅವನ ಹತ್ತಿರ ಅದು ಇರಲಿಲ್ಲ.